ರಾನಡೆಯವರ ಕುರ್ಚಿಗೆ ಬಂದ ಹೊನ್ನಾವರದವರು

ಮುಂಬಯಿಯ ಫೋರ್ಟಿನಲ್ಲಿ, ಓವಲ್ ಮೈದಾನದ ಅಂಚಿನಲ್ಲಿ ನಿಂತಿರುವ ಹೈಕೋರ್ಟಿನ ಕಲ್ಲು ಕಟ್ಟಡ ಕನ್ನಡಿಗರಿಗೆ ಅಪರಿಚಿತವಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಜನ 1956ರ ನವೆಂಬರ್ 1ರವರೆಗೆ ಹೈಕೋರ್ಟಿಗೆ ಹೋಗಬೇಕೆಂದರೆ ಇಲ್ಲಿಗೇ ಬರಬೇಕಿತ್ತು. ಆ ಕಾಲದ ತೀರ್ಪುಗಳ ಸಂಪುಟಗಳನ್ನು ತೆರೆದರೆ ಇಂಗ್ಲಿಷಿನ ನಡುನಡುವೆ ‘ಬಿನ್’, ‘ಕೋಂ’ ಎಂಬ ನಮ್ಮ ಕಂದಾಯ ದಾಖಲೆಗಳ ಪದಗಳು ಕಾಣುತ್ತವೆ. ಇಂಥವರ ಮಗ, ಇಂಥವರ ಹೆಂಡತಿ ಎಂದು ಹೇಳುವ ಆ ಪುಟ್ಟ ಪದಗಳ ಹಿಂದೆ ಗದ್ದೆಯ ಜಗಳ, ದತ್ತಕದ ತಕರಾರು, ವಿಧವೆಯರ ಜೀವನಾಂಶದ ಅಹವಾಲು ಎಲ್ಲವೂ ಇವೆ.

ಈ ಹೈಕೋರ್ಟು ಶುರುವಾದದ್ದು 1862ರ ಆಗಸ್ಟ್ 14ರಂದು. ಅದೇ ವರ್ಷ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಕಾರಣ ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು, ಇಂಗ್ಲೆಂಡಿನ ಗಿರಣಿಗಳಿಗೆ ಧಾರವಾಡ ಸೀಮೆಯ ಹತ್ತಿ ಬೇಕಿತ್ತು, ಅದನ್ನು ಸಾಗಿಸಲು ಕಾರವಾರದ ಬಂದರು ಬೇಕಿತ್ತು. ವ್ಯಾಪಾರಿಗಳ ಒತ್ತಾಯಕ್ಕೆ ಜಿಲ್ಲೆಯೊಂದರ ರಾಜಧಾನಿಯೇ ಬದಲಾಯಿತು. ಹೊನ್ನಾವರದಲ್ಲಿ ಆಗ ಆರು ವರ್ಷದ ಹುಡುಗನಾಗಿದ್ದ ನಾರಾಯಣ ಗಣೇಶ ಚಂದಾವರ್ಕರನ ಬದುಕಿನ ದಿಕ್ಕೂ ಬದಲಾಯಿತು. ಇಲ್ಲದಿದ್ದರೆ ಆತ ಓದಲು ಮದ್ರಾಸಿಗೆ ಹೋಗಬಹುದಿತ್ತು. ಹೋದದ್ದು ಮುಂಬಯಿಗೆ.

1855ರ ಡಿಸೆಂಬರ್ 2ರಂದು ಸಾರಸ್ವತ ಕುಟುಂಬದಲ್ಲಿ ಹುಟ್ಟಿದ ಚಂದಾವರ್ಕರರಿಗೆ ಸೋದರಮಾವ ಶಾಮರಾವ್ ವಿಠಲ ಕಾಯ್ಕಿಣಿಯವರ ಆಸರೆಯಿತ್ತು. ಇವರ ಹೆಸರಿನಲ್ಲೇ 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು ಹುಟ್ಟಿದ್ದು. ಎಲ್ಫಿನ್‌ಸ್ಟನ್ ಕಾಲೇಜಿನ ಓದು, ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕತ್ವ, 1881ರಲ್ಲಿ ಕಾನೂನು ಪದವಿ. 1885ರಲ್ಲಿ ಭಾರತದ ಅಹವಾಲನ್ನು ಇಂಗ್ಲೆಂಡಿನ ಮತದಾರರ ಮುಂದೆ ಇಡಲು ಮೂವರ ನಿಯೋಗ ಹೋಯಿತು. ಬಂಗಾಳದಿಂದ ಮನಮೋಹನ ಘೋಷ್, ಮದ್ರಾಸಿನಿಂದ ಸೇಲಂ ರಾಮಸ್ವಾಮಿ ಮೊದಲಿಯಾರ್, ಮುಂಬಯಿಯಿಂದ ಚಂದಾವರ್ಕರ್. ಅವರು ಮರಳುವ ಹೊತ್ತಿಗೆ ಮುಂಬಯಿಯಲ್ಲಿ ಕಾಂಗ್ರೆಸ್ ಹುಟ್ಟಿತ್ತು. ಹದಿನೈದು ವರ್ಷಗಳ ಬಳಿಕ, 1900ರ ಲಾಹೋರ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು.

ಆ ಅಧಿವೇಶನದ ಬೆನ್ನಿಗೇ, 1901ರ ಜನವರಿ 16ರಂದು, ಹೈಕೋರ್ಟಿನ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ತೀರಿಕೊಂಡರು. ಅವರಿಗಿಂತ ಮೊದಲು ಅಲ್ಲಿ ಕೂತಿದ್ದವರು ಕಾಶೀನಾಥ ತ್ರ್ಯಂಬಕ ತೆಲಂಗ್. ಇಬ್ಬರೂ ಪಂಡಿತರು, ಇಬ್ಬರೂ ಸುಧಾರಕರು. ಆ ಪರಂಪರೆಯ ಕುರ್ಚಿಗೆ ಈಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಹೊನ್ನಾವರದವರು ಬಂದರು. ನಮಗೆ ಇಂದು ವಿಚಿತ್ರವಾಗಿ ಕಾಣಬಹುದು. ಆದರೆ ಆ ಪೀಳಿಗೆಯ ಮಂದಗಾಮಿಗಳಿಗೆ ಸರ್ಕಾರ ಶತ್ರುವಲ್ಲ, ತಿದ್ದಬೇಕಾದ ವ್ಯವಸ್ಥೆ. ಹೊರಗೆ ನಿಂತು ಅರ್ಜಿ ಬರೆಯುವುದಕ್ಕೂ ಒಳಗೆ ಕೂತು ತೀರ್ಪು ಬರೆಯುವುದಕ್ಕೂ ನಡುವೆ ಅವರಿಗೆ ಗೋಡೆ ಕಾಣಲಿಲ್ಲ. ಗೋಡೆ ಇತ್ತು ಎನ್ನುವುದನ್ನು ಮುಂದಿನ ಹತ್ತು ವರ್ಷಗಳು ತೋರಿಸಿದವು.

ಚಂದಾವರ್ಕರರು ರಾಜಕೀಯ ಬಿಟ್ಟರು, ಸುಧಾರಣೆ ಬಿಡಲಿಲ್ಲ. ಪ್ರಾರ್ಥನಾ ಸಮಾಜದ ಮುಂದಾಳಾಗಿ ಉಳಿದರು. 1906ರ ಅಕ್ಟೋಬರಿನಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯರ ಶಿಕ್ಷಣಕ್ಕೆಂದು ಮಿಷನ್ ಒಂದನ್ನು ಮುಂಬಯಿಯಲ್ಲಿ ಕಟ್ಟಿದಾಗ ಅದರ ಅಧ್ಯಕ್ಷರಾದವರು ಈ ನ್ಯಾಯಮೂರ್ತಿಗಳೇ. ಶಿಂದೆಯವರು ಹುಟ್ಟಿದ್ದು ಜಮಖಂಡಿಯಲ್ಲಿ. ಕರಾವಳಿಯ ಬ್ರಾಹ್ಮಣ ಜಡ್ಜರೂ ಕೃಷ್ಣಾ ತೀರದ ಮರಾಠಾ ಸುಧಾರಕರೂ ಒಂದೇ ಕೆಲಸಕ್ಕೆ ಹೆಗಲು ಕೊಟ್ಟರು. ಹೈಕೋರ್ಟ್ ಜಡ್ಜರೊಬ್ಬರ ಹೆಸರು ಆ ಕೆಲಸದ ಹಿಂದಿತ್ತು ಎನ್ನುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಅದೇ ಕೈ ಬರೆದ ತೀರ್ಪುಗಳು ಬೇರೆ ಕತೆ ಹೇಳುತ್ತವೆ. 1909ರಲ್ಲಿ ಗಣೇಶ ದಾಮೋದರ ಸಾವರ್ಕರರಿಗೆ ಮರಾಠಿ ಪದ್ಯಗಳನ್ನು ಪ್ರಕಟಿಸಿದ್ದಕ್ಕಾಗಿ ಜೀವಾವಧಿ ಕರಿನೀರಿನ ಶಿಕ್ಷೆಯಾಯಿತು. ಮೇಲ್ಮನವಿ ಚಂದಾವರ್ಕರ್ ಮತ್ತು ಹೀಟನ್ ಅವರ ಪೀಠಕ್ಕೆ ಬಂತು. ಪೀಠದಲ್ಲಿ ಮರಾಠಿ ಚೆನ್ನಾಗಿ ಬಲ್ಲವರು ಚಂದಾವರ್ಕರ್. ಪುರಾಣದ ದೇವರು, ಚರಿತ್ರೆಯ ವೀರರ ಹೆಸರಿನ ಮರೆಯಲ್ಲಿ ಕವಿ ಹೇಳುತ್ತಿರುವುದು ಈಗಿನ ಸರ್ಕಾರದ ವಿರುದ್ಧ ಯುದ್ಧವನ್ನೇ ಎಂದು ಅವರು ಓದಿದರು. ಶಿಕ್ಷೆ ಉಳಿಯಿತು. ಆ ಭಾಷೆಯ ಧ್ವನಿ ಹಿಡಿಯಬಲ್ಲವರಾದ್ದರಿಂದಲೇ ಅವರ ತೀರ್ಪು ಸರ್ಕಾರಕ್ಕೆ ಬೆಲೆಯುಳ್ಳದ್ದಾಯಿತು.

ಮರುವರ್ಷ ತಮ್ಮ ವಿನಾಯಕ ದಾಮೋದರ ಸಾವರ್ಕರರ ಸರದಿ. 1908ರ ಹೊಸ ಕಾಯ್ದೆಯಡಿ ಜ್ಯೂರಿಯಿಲ್ಲದೆ ಮೂವರು ನ್ಯಾಯಮೂರ್ತಿಗಳ ವಿಶೇಷ ನ್ಯಾಯಮಂಡಳಿ ಕೂತಿತು: ಮುಖ್ಯ ನ್ಯಾಯಮೂರ್ತಿ ಬೇಸಿಲ್ ಸ್ಕಾಟ್, ಚಂದಾವರ್ಕರ್, ಹೀಟನ್. 1910ರ ಡಿಸೆಂಬರ್ 24ರಂದು ಜೀವಾವಧಿ ಕರಿನೀರು, ಮರು ಜನವರಿಯಲ್ಲಿ ಇನ್ನೊಂದು. ಆ 1910ರಲ್ಲೇ ಚಂದಾವರ್ಕರರು ‘ಸರ್’ ಆದರು.

ಮೂರನೆಯದು ತಾಯಿ ಮಹಾರಾಜ್ ಪ್ರಕರಣ. ಪುಣೆಯ ಬಾಬಾ ಮಹಾರಾಜರ ಆಸ್ತಿಗೆ ತಿಲಕರು ಟ್ರಸ್ಟಿ. ವಿಧವೆ ಮಾಡಿಕೊಂಡ ದತ್ತಕ ಊರ್ಜಿತವೇ ಅಲ್ಲವೇ ಎಂಬುದು ವ್ಯಾಜ್ಯ. ಕೆಳಗಿನ ಕೋರ್ಟು ತಿಲಕರ ಪಕ್ಷವನ್ನು ಎತ್ತಿಹಿಡಿದಿತ್ತು. 1910ರಲ್ಲಿ ಚಂದಾವರ್ಕರ್–ಹೀಟನ್ ಪೀಠ ಅದನ್ನು ತಿರುಗಿಸಿತು. ತಿಲಕರು ಆಗ ಮಂಡಾಲೆಯ ಜೈಲಿನಲ್ಲಿ. ಸುಧಾರಕರಿಗೂ ತಿಲಕರಿಗೂ ಸಮ್ಮತಿ ವಯಸ್ಸಿನ ಮಸೂದೆಯ ಕಾಲದಿಂದ ಇದ್ದ ವೈಮನಸ್ಸು ಎಲ್ಲರಿಗೂ ಗೊತ್ತಿದ್ದದ್ದು. ಹಾಗಾಗಿ ಜನ ಏನು ಮಾತಾಡಿಕೊಂಡರು ಎಂದು ಊಹಿಸುವುದು ಕಷ್ಟವಲ್ಲ. 1915ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ತೀರ್ಪನ್ನು ರದ್ದುಮಾಡಿ ತಿಲಕರ ಪರವಾಗಿ ತೀರ್ಪು ಕೊಟ್ಟಿತು. ಜಡ್ಜರಿಗೆ ಮನಸ್ಸಿನಲ್ಲಿ ಹಗೆ ಇತ್ತೆನ್ನಲು ಇದು ಸಾಕ್ಷಿಯಲ್ಲ. ಆದರೆ ಎದುರಾಳಿಯ ಮೊಕದ್ದಮೆಯನ್ನು ಕೇಳುವವನಿಗೆ ನ್ಯಾಯ ಮಾಡುವುದರ ಜೊತೆಗೆ ನ್ಯಾಯ ಮಾಡಿದಂತೆ ಕಾಣುವ ಹೊಣೆಯೂ ಇದೆ.

1912ರಲ್ಲಿ ಹೈಕೋರ್ಟು ಬಿಟ್ಟು, ಸ್ವಲ್ಪ ಕಾಲ ಇಂದೂರು ಸಂಸ್ಥಾನದ ದಿವಾನರಾಗಿದ್ದು ಬಂದರು. ಅವರ ಬದುಕಿನ ಅತ್ಯಂತ ಕಷ್ಟದ ಲೆಕ್ಕ ಬರುವುದು ಆಮೇಲೆ, 1918ರಲ್ಲಿ. ಯುದ್ಧಕಾಲದ ಕಾಯ್ದೆಗಳಡಿ ಬಂಗಾಳದಲ್ಲಿ ವಿಚಾರಣೆಯಿಲ್ಲದೆ ಬಂಧಿಸಿದ್ದವರ ಕಡತಗಳನ್ನು ಪರಿಶೀಲಿಸಲು ಸರ್ಕಾರ ಇಬ್ಬರನ್ನು ನೇಮಿಸಿತು. ಒಬ್ಬರು ಬೀಚ್‌ಕ್ರಾಫ್ಟ್, ಅಲೀಪುರ ಬಾಂಬ್ ಮೊಕದ್ದಮೆಯಲ್ಲಿ ಅರವಿಂದರನ್ನು ಖುಲಾಸೆ ಮಾಡಿದ್ದವರು. ಇನ್ನೊಬ್ಬರು ಚಂದಾವರ್ಕರ್. ಮುಂದಿದ್ದ ಪ್ರಕರಣಗಳು 806. ವಕೀಲರ ವಾದವಿಲ್ಲ, ಸಾಕ್ಷಿಗಳ ಪಾಟೀಸವಾಲಿಲ್ಲ. ಬಿಡುಗಡೆ ಮಾಡಿ ಎಂದು ಅವರು ಹೇಳಿದ್ದು 6 ಜನರನ್ನು. ಇಂಥ ಬಂಧನಗಳಿಗೆ ಕಾಯಂ ರೂಪ ಕೊಡುವ ರೌಲತ್ ಕಾಯ್ದೆಗೆ ಸಿದ್ಧತೆ ನಡೆದಿದ್ದ ಹೊತ್ತು ಅದು. ಭಾರತೀಯ ಹೆಸರೊಂದು ಅಂಥ ವರದಿಯ ಕೆಳಗಿರುವುದು ಸರ್ಕಾರಕ್ಕೆ ಎಷ್ಟು ಉಪಯೋಗವಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟನ್ನೇ ನೋಡಿ ಅವರನ್ನು ಸರ್ಕಾರದ ಆಳು ಎಂದು ಬದಿಗಿಡಬಹುದಿತ್ತು. ಆದರೆ 1920ರಲ್ಲಿ, ಜಲಿಯನ್‌ವಾಲಾ ಬಾಗಿನ ಬಗ್ಗೆ ಹಂಟರ್ ಸಮಿತಿಯ ವರದಿಯನ್ನು ಖಂಡಿಸಲು ಮುಂಬಯಿಯಲ್ಲಿ ಸೇರಿದ ಸಭೆಯ ಅಧ್ಯಕ್ಷತೆ ವಹಿಸಿದವರು ಇದೇ ಸರ್ ನಾರಾಯಣ ಚಂದಾವರ್ಕರ್. ನಿರ್ಣಯ ಮಂಡಿಸಿದವರು ಗಾಂಧೀಜಿ. ತಾವು ನಂಬಿದ್ದ ಕಾನೂನಿನ ರಾಜ್ಯ ಗುಂಡು ಹಾರಿಸಿ, ಅದನ್ನು ಸಮಿತಿಯ ಭಾಷೆಯಲ್ಲಿ ಹಗುರ ಮಾಡಿದಾಗ ಅವರಿಗೂ ಸುಮ್ಮನಿರಲಾಗಲಿಲ್ಲ. ಹಾಗೆಂದು ನಂಬಿಕೆ ಕಳಚಿಕೊಳ್ಳಲೂ ಇಲ್ಲ. 1921ರಲ್ಲಿ ಸುಧಾರಿತ ಮುಂಬಯಿ ವಿಧಾನ ಪರಿಷತ್ತಿನ ಅಧ್ಯಕ್ಷರಾದರು. ಆ ಹುದ್ದೆಯಲ್ಲಿರುವಾಗಲೇ 1923ರ ಮೇ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

1956ರಲ್ಲಿ ಫೋರ್ಟಿನ ಅದೇ ಹೈಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು ತಿಲಕರ ಮಾತುಗಳನ್ನು ಕೆತ್ತಿದ ಫಲಕವೊಂದನ್ನು ಅನಾವರಣ ಮಾಡಿದರು. ಶಿಕ್ಷೆ ಕೊಟ್ಟ ಮನೆಯೇ ಶಿಕ್ಷೆ ಉಂಡವರಿಗೆ ತಲೆಬಾಗಿತು. ನಮ್ಮ ನಾಲ್ಕು ಜಿಲ್ಲೆಗಳು ಆ ಕೋರ್ಟಿಗೆ ವಿದಾಯ ಹೇಳಿದ್ದೂ ಅದೇ ವರ್ಷ. ಕನ್ನಡನಾಡಿನಿಂದ ಹೋಗಿ ಅಲ್ಲಿ ನ್ಯಾಯ ಹೇಳಿದ ಚಂದಾವರ್ಕರರನ್ನು ನೆನೆಯುವಾಗ ಶಿಂದೆಯವರ ಮಿಷನ್ನನ್ನು ಮಾತ್ರ ಎತ್ತಿಕೊಂಡರೆ ಅರ್ಧ ಸತ್ಯ, 806 ಕಡತಗಳನ್ನು ಮಾತ್ರ ಎತ್ತಿಕೊಂಡರೂ ಅರ್ಧ ಸತ್ಯ. ಎರಡಕ್ಕೂ ಇರುವುದು ಒಬ್ಬರದೇ ಸಹಿ.