ಪ್ಲೇಟ್‌ಲೆಟ್ ಕಡಿಮೆ ಇರುವವರು ಹೊಟ್ಟೆಯ ಪರೀಕ್ಷೆ ಮಾಡಿಸಬೇಕೆ?



ಪ್ಲೇಟ್‌ಲೆಟ್ ಎಂಬ ಮಾತು ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಮನೆಗಳಲ್ಲಿ ಬಳಕೆಗೆ ಬಂದದ್ದು ಡೆಂಗಿ ಜ್ವರದಿಂದ. ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಜ್ವರ ಬಿಟ್ಟ ಕೆಲವು ದಿನಗಳಲ್ಲಿ ತಾನಾಗಿಯೇ ಏರುತ್ತದೆ. ಇಲ್ಲಿ ಹೇಳುತ್ತಿರುವುದು ಬೇರೆ ಕಾಯಿಲೆ. ಜ್ವರವಿಲ್ಲ, ನೋವಿಲ್ಲ, ಆದರೆ ಕಾಲ ಮೇಲೆ ಸಣ್ಣ ಕೆಂಪು ಚುಕ್ಕೆಗಳು, ಪೆಟ್ಟು ಬೀಳದಿದ್ದರೂ ನೀಲಿ ಕಲೆ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಹೆಣ್ಣುಮಕ್ಕಳಿಗೆ ಮುಟ್ಟಿನಲ್ಲಿ ಅತಿಯಾದ ಸ್ರಾವ. ಇದಕ್ಕೆ ವೈದ್ಯರು ಐಟಿಪಿ ಎನ್ನುತ್ತಾರೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ನಮ್ಮ ಪ್ಲೇಟ್‌ಲೆಟ್‌ಗಳನ್ನು ಪರಕೀಯವೆಂದು ತಿಳಿದು ನಾಶಮಾಡುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5ರಿಂದ 4.5 ಲಕ್ಷ ಇರಬೇಕಾದದ್ದು 1 ಲಕ್ಷಕ್ಕಿಂತ ಕೆಳಗಿಳಿಯುತ್ತದೆ.

ಇದಕ್ಕೂ ಹೊಟ್ಟೆಗೂ ಏನು ಸಂಬಂಧ? ಜಠರದ ಒಳಪದರದಲ್ಲಿ ವರ್ಷಗಟ್ಟಲೆ ನೆಲೆಸುವ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆ. ಹೊಟ್ಟೆಹುಣ್ಣಿಗೆ ಖಾರ, ಚಿಂತೆಗಳೇ ಕಾರಣವೆಂದು ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಈ ಬ್ಯಾಕ್ಟೀರಿಯಾದ ಕಡೆ ಬೆರಳು ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ತಾವೇ ಅದನ್ನು ಕುಡಿದು ಜಠರದ ಉರಿಯೂತ ತರಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ದೇಶದಲ್ಲಿ ಈ ಸೋಂಕು ಬಹಳ ಸಾಮಾನ್ಯ. ಹೆಚ್ಚಿನವರಿಗೆ ತಮಗಿದೆ ಎಂದೇ ತಿಳಿದಿರುವುದಿಲ್ಲ.

1998ರಲ್ಲಿ ಇಟಲಿಯ ವೈದ್ಯರು 18 ಮಂದಿ ಐಟಿಪಿ ರೋಗಿಗಳನ್ನು ಪರೀಕ್ಷಿಸಿದಾಗ 11 ಮಂದಿಯಲ್ಲಿ ಈ ಸೋಂಕು ಸಿಕ್ಕಿತು. ಸೋಂಕು ಹೋದವರಲ್ಲಿ ಪ್ಲೇಟ್‌ಲೆಟ್ ಏರಿತು. ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಪ್ಲೇಟ್‌ಲೆಟ್‌ಗೂ ಅಂಟಿಕೊಳ್ಳುತ್ತವೆ ಎಂಬುದು ಒಂದು ವಿವರಣೆ. ನಂತರದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೋಂಕು ವಾಸಿಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪ್ರಯೋಜನವಾಗಿತ್ತು. ಸೋಂಕು ಹೆಚ್ಚಿರುವ ಜಪಾನಿನಂಥ ಕಡೆ ಫಲ ಚೆನ್ನಾಗಿದೆ. ಪ್ಲೇಟ್‌ಲೆಟ್ 30 ಸಾವಿರಕ್ಕಿಂತ ಕೆಳಗಿದ್ದವರಲ್ಲಿ ಫಲ ಕಡಿಮೆ. ಆದ್ದರಿಂದ ಇದು ಸ್ಟೀರಾಯ್ಡ್‌ಗೆ ಬದಲಿ ಅಲ್ಲ. ವೈದ್ಯರು ಕೊಟ್ಟ ಪ್ರೆಡ್ನಿಸೊಲೋನ್ ಅನ್ನು ನೀವಾಗಿ ನಿಲ್ಲಿಸಬೇಡಿ. ಆದರೆ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗುವ ಮೊದಲು, ಗುಲ್ಮ ತೆಗೆಸುವ ಮಾತು ಬರುವ ಮೊದಲು, "ಎಚ್. ಪೈಲೋರಿ ನೋಡಿದ್ದೀರಾ ಸಾರ್?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ದೊಡ್ಡವರಿಗೆ ಈ ಮಾತು. ಮಕ್ಕಳ ಐಟಿಪಿ ಹೆಚ್ಚಾಗಿ ತಾನೇ ವಾಸಿಯಾಗುತ್ತದೆ, ಅವರಿಗೆ ಈ ಪರೀಕ್ಷೆಯನ್ನು ಎಲ್ಲರಿಗೂ ಮಾಡಿಸುವುದಿಲ್ಲ.

ಪರೀಕ್ಷೆಯ ವಿಷಯದಲ್ಲಿ ನಮ್ಮವರು ಎಡವುವುದು ಗ್ಯಾಸ್ ಮಾತ್ರೆಯಿಂದ. ಉಸಿರಿನ ಪರೀಕ್ಷೆ (ಯೂರಿಯಾ ಬ್ರೆತ್ ಟೆಸ್ಟ್) ಮತ್ತು ಮಲದ ಆಂಟಿಜೆನ್ ಪರೀಕ್ಷೆ ಎರಡೂ ನಂಬಿಕೆಗೆ ಅರ್ಹ. ಆದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತಿನ್ನುತ್ತಿದ್ದರೆ ಬ್ಯಾಕ್ಟೀರಿಯಾ ಅಡಗಿಕೊಂಡು, ಸೋಂಕಿದ್ದರೂ ಇಲ್ಲವೆಂದು ವರದಿ ಬರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ದಿನಾ ಬೆಳಿಗ್ಗೆ ಅದನ್ನು ನುಂಗುವವರು ನಮ್ಮಲ್ಲಿ ಎಷ್ಟು ಮಂದಿ! ಸ್ಟೀರಾಯ್ಡ್ ಜೊತೆಗೂ ಅದನ್ನೇ ಬರೆದುಕೊಡುತ್ತಾರೆ. ವೈದ್ಯರನ್ನು ಕೇಳಿ ಅದನ್ನು ಎರಡು ವಾರ ಮೊದಲೇ ನಿಲ್ಲಿಸಬೇಕು. ಆಂಟಿಬಯಾಟಿಕ್ ಆದರೆ ನಾಲ್ಕು ವಾರ. ರಕ್ತದ ಪ್ರತಿಕಾಯ ಪರೀಕ್ಷೆ ಅಗ್ಗವಾದರೂ, ಸೋಂಕು ಈಗಿದೆಯೋ ಹಿಂದೆ ಇತ್ತೋ ಹೇಳುವುದಿಲ್ಲ. ಎಂಡೋಸ್ಕೋಪಿಯಲ್ಲಿ ತುಣುಕು ತೆಗೆಯುವುದಿದ್ದರೆ ಪ್ಲೇಟ್‌ಲೆಟ್ ಕಡಿಮೆ ಇರುವುದನ್ನು ಮೊದಲೇ ತಿಳಿಸಿ.

ಚಿಕಿತ್ಸೆ ಸಾಮಾನ್ಯವಾಗಿ 14 ದಿನ: ಆಮ್ಲ ತಗ್ಗಿಸುವ ಮಾತ್ರೆ, ಜೊತೆಗೆ ಎರಡು ಬಗೆಯ ಆಂಟಿಬಯಾಟಿಕ್, ಕೆಲವೊಮ್ಮೆ ಬಿಸ್ಮತ್. ಬಾಯಿ ಕಹಿ, ಓಕರಿಕೆ ಬರುತ್ತದೆಂದು ಐದನೇ ದಿನಕ್ಕೇ ಬಿಟ್ಟರೆ ಬ್ಯಾಕ್ಟೀರಿಯಾ ಉಳಿದು ಔಷಧಕ್ಕೆ ಬಗ್ಗದಂತಾಗುತ್ತದೆ. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್‌ಗೆ ಬಗ್ಗದ ತಳಿ ಈಗಾಗಲೇ ಬಹಳ. ಪೆನ್ಸಿಲಿನ್ ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು.

ಬಿಸ್ಮತ್ ತಿಂದಾಗ ಮಲ, ನಾಲಿಗೆ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಐಟಿಪಿ ಇರುವವರಿಗೆ ಒಳಗೆ ರಕ್ತ ಸೋರಿದರೂ ಮಲ ಕಪ್ಪಾಗುತ್ತದೆ. ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆ ಇದ್ದರೆ, ತಲೆ ಸುತ್ತಿದರೆ, ಮಾತ್ರೆಯಿಂದ ಇರಬಹುದೆಂದು ಮನೆಯಲ್ಲಿ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ವಿಪರೀತ ತಲೆನೋವು ಬಂದರೂ ಹಾಗೆಯೇ. ಮೈಕೈ ನೋವಿಗೆಂದು ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ತಿನ್ನಬಾರದು.

ಔಷಧ ಮುಗಿದ ನಾಲ್ಕು ವಾರದ ನಂತರ ಉಸಿರಿನ ಅಥವಾ ಮಲದ ಪರೀಕ್ಷೆ ಮತ್ತೊಮ್ಮೆ ಆಗಬೇಕು; ಹಿಂದಿನಂತೆ ಗ್ಯಾಸ್ ಮಾತ್ರೆ ಇಲ್ಲದೆ. ಪ್ಲೇಟ್‌ಲೆಟ್ ಎಣಿಕೆ ವೈದ್ಯರು ಹೇಳಿದ ದಿನಗಳಲ್ಲಿ.

ಇನ್ನೊಂದು ಮಾತು, ಗುಮಾಸ್ತಗಿರಿ ಮಾಡಿದವನ ಚಾಳಿ ಎಂದುಕೊಳ್ಳಿ. ನಾವು ಗಡಿಯವರು ಒಮ್ಮೆ ಅನಂತಪುರ, ಒಮ್ಮೆ ಬಳ್ಳಾರಿ, ಮತ್ತೊಮ್ಮೆ ಬೆಂಗಳೂರು ಎಂದು ಅಲೆಯುತ್ತೇವೆ. ಒಂದೂರಿನ ಚೀಟಿ ಇನ್ನೊಂದೂರಿಗೆ ಹೋಗುವುದಿಲ್ಲ. ಪ್ಲೇಟ್‌ಲೆಟ್ ಎಣಿಕೆ ಮತ್ತು ದಿನಾಂಕ, ಯಾವ ಆಂಟಿಬಯಾಟಿಕ್ ಎಷ್ಟು ದಿನ ತಿಂದಿರಿ, ಗ್ಯಾಸ್ ಮಾತ್ರೆ ಯಾವಾಗ ನಿಲ್ಲಿಸಿದಿರಿ, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು, ಮಾತ್ರೆಯ ಖಾಲಿ ಪಟ್ಟಿಯನ್ನೂ ಜೊತೆಗಿಟ್ಟುಕೊಂಡು ಹೋಗಿ.

— ಕಾರ್ಯದರ್ಶಿ