ಕೀಲಿನ ಮೇಲಿನ ನಂಬಿಕೆ

ದುಬಾರಿ ಮಡಚುಚಾಕು ಕೈಕೊಡುವುದಿಲ್ಲವೆಂದು ನಾವು ನಂಬಿಬಿಡುತ್ತೇವೆ. ಆದರೆ ಕೈಕೊಡುವುದು ಹೆಚ್ಚಾಗಿ ಅಲಗಲ್ಲ, ಕೀಲು. ಅಲ್ಲಿ ಗಟ್ಟಿ ತಡೆಯಿಲ್ಲದಿದ್ದರೆ ಅಲಗು ಹಿಡಿದವರ ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ.

ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಸವೊಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರ ಜೇಬಿಗೆಂದು ಮಾಡಿದ್ದು ಸಾದಾ ಚಾಕು. ಮರದ ಹಿಡಿ, ಉಕ್ಕಿನ ಅಲಗು, ಅಷ್ಟೆ. ಬೆರಳಿನ ಭಯ ಅದಕ್ಕೂ ಇತ್ತು. 1955ರಲ್ಲಿ ಮಗ ಮಾರ್ಸೆಲ್ ಕೀಲಿಗೊಂದು ತಿರುಗುವ ಲೋಹದ ಉಂಗುರ ತೊಡಿಸಿದರು. ಅಲಗು ಬಿಚ್ಚಿ ಉಂಗುರ ತಿರುಗಿಸಿದರೆ ಮತ್ತೆ ಮಡಚದು. ಇಂದಿಗೂ ಆ ಚಾಕು ಅಗ್ಗವೇ. ಒಂದೇ ಮಾತು, ನೀರು ಕುಡಿದರೆ ಅದರ ಮರ ಉಬ್ಬುತ್ತದೆ, ಒರೆಸಿಡಬೇಕು.

ಹಾಗಾಗಿ ಅಂಗಡಿಯಲ್ಲಿ ಬೆಲೆಚೀಟಿಗಿಂತ ಮೊದಲು ಅಲಗು ಬಿಚ್ಚಿ, ಕೀಲು ಅಲುಗುತ್ತದೆಯೇ ನೋಡಿ. ದುಡ್ಡು ಹೋದರೆ ದುಡಿಯಬಹುದು, ಬೆರಳು ಹೋದರೆ?