ಡಾರ್ಕ್‌ವುಡ್ (ವಿಡಿಯೊ ಆಟ)

ಡಾರ್ಕ್‌ವುಡ್ ಎಂಬುದು ಪೋಲೆಂಡ್ ದೇಶದ ಆಸಿಡ್ ವಿಝರ್ಡ್ ಸ್ಟುಡಿಯೊ ಎಂಬ ಮೂವರ ತಂಡವು ನಿರ್ಮಿಸಿ ತಾನೇ ಪ್ರಕಟಿಸಿದ ಒಂದು ಭಯಾನಕ ವಿಡಿಯೊ ಆಟ. ಅಲ್ಪ ಸಾಮಗ್ರಿಗಳೊಂದಿಗೆ ಅಪಾಯದ ನಡುವೆ ಜೀವ ಉಳಿಸಿಕೊಳ್ಳಬೇಕಾದ ಆಟಗಳನ್ನು ಸರ್ವೈವಲ್ ಹಾರರ್ ಎಂದು ಕರೆಯುತ್ತಾರೆ. ಡಾರ್ಕ್‌ವುಡ್ ಈ ಪ್ರಕಾರಕ್ಕೆ ಸೇರುತ್ತದೆ. ಇದರ ಅಪೂರ್ಣ ಆವೃತ್ತಿಯು 2014ರ ಜುಲೈ ತಿಂಗಳಲ್ಲಿ ಸ್ಟೀಮ್ ಮಾರಾಟ ತಾಣದಲ್ಲಿ ಲಭ್ಯವಾಯಿತು. ಪೂರ್ಣ ಆವೃತ್ತಿಯು 2017ರ ಆಗಸ್ಟ್ 17ರಂದು ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಗಣಕಗಳಿಗೆ ಬಿಡುಗಡೆಯಾಯಿತು. 2019ರ ಮೇ ತಿಂಗಳಲ್ಲಿ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಹಾಗೂ ನಿಂಟೆಂಡೊ ಸ್ವಿಚ್ ಆವೃತ್ತಿಗಳು ಬಂದವು.

ಭಯಾನಕ ಆಟಗಳಲ್ಲಿ ಹೆಚ್ಚಿನವು ಪಾತ್ರದ ಕಣ್ಣಿನಿಂದಲೇ ಲೋಕವನ್ನು ತೋರಿಸುತ್ತವೆ, ಇಲ್ಲವೇ ಪಾತ್ರದ ಬೆನ್ನ ಹಿಂದಿನಿಂದ ತೋರಿಸುತ್ತವೆ. ಡಾರ್ಕ್‌ವುಡ್ ಎಲ್ಲವನ್ನೂ ನೇರ ಮೇಲಿನಿಂದ, ನೆಲದ ಮೇಲೆ ಹರಡಿದ ನಕ್ಷೆಯನ್ನು ನೋಡಿದಂತೆ ತೋರಿಸುತ್ತದೆ. ಈ ಕೋನದಿಂದ ಭಯ ಹುಟ್ಟಿಸುವುದು ಕಷ್ಟವೆಂಬ ಭಾವನೆ ಸಾಮಾನ್ಯವಾಗಿತ್ತು. ಹಠಾತ್ತನೆ ಎದುರಿಗೆ ಹಾರಿ ಬೆಚ್ಚಿಬೀಳಿಸುವ, ಜಂಪ್ ಸ್ಕೇರ್ ಎಂದು ಹೆಸರಾದ ತಂತ್ರವನ್ನು ಬಳಸುವುದಿಲ್ಲವೆಂದು ನಿರ್ಮಾಪಕರು ಮೊದಲೇ ಘೋಷಿಸಿದ್ದರು. ಹೀಗೆ ಪ್ರಕಾರದ ಎರಡು ಮುಖ್ಯ ಸಾಧನಗಳನ್ನು ಬಿಟ್ಟುಕೊಟ್ಟೂ ಗಾಢವಾದ ಭಯವನ್ನು ಉಂಟುಮಾಡುವುದು ಈ ಆಟದ ವೈಶಿಷ್ಟ್ಯ. ದೊಡ್ಡ ಕಂಪನಿಗಳ ಆಟಗಳಿಗೆ ದೊರೆತ ಪ್ರಚಾರ ಇದಕ್ಕೆ ದೊರೆಯಲಿಲ್ಲ. ಆಡಿದವರ ಬಾಯಿಮಾತಿನಿಂದಲೇ ಬಹುಮಟ್ಟಿಗೆ ಪರಿಚಿತವಾಯಿತು.

ಕಥೆಯ ಹಿನ್ನೆಲೆ

ಕಥೆ ನಡೆಯುವುದು 1980ರ ದಶಕದ, ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಪೋಲೆಂಡಿನ ಒಂದು ದಟ್ಟ ಅರಣ್ಯದಲ್ಲಿ. ಕಾಡು ಇದ್ದಕ್ಕಿದ್ದಂತೆ ಬೆಳೆದು ರಸ್ತೆಗಳನ್ನು ನುಂಗಿದೆ. ಒಳಗಿನ ಹಳ್ಳಿಗಳ ಜನ ಹೊರಜಗತ್ತಿನ ಸಂಪರ್ಕವಿಲ್ಲದೆ ಸಿಲುಕಿದ್ದಾರೆ. ವಿಚಿತ್ರವಾದ ವ್ಯಾಧಿಯೊಂದು ಹಬ್ಬಿ ಮನುಷ್ಯರ ದೇಹವನ್ನೂ ಬುದ್ಧಿಯನ್ನೂ ಕೆಡಿಸುತ್ತಿದೆ. ಪೂರ್ವಭಾಗದಲ್ಲಿ ಆಟಗಾರನು ಒಬ್ಬ ವೈದ್ಯನ ಪಾತ್ರವನ್ನು ನಡೆಸುತ್ತಾನೆ. ಈ ವೈದ್ಯನು ಕಾಡಿನಲ್ಲಿ ಗಾಯಗೊಂಡು ಬಿದ್ದ ಅಪರಿಚಿತನೊಬ್ಬನನ್ನು ಮನೆಗೆ ತಂದು, ಹೊರಹೋಗುವ ದಾರಿ ಅವನಿಗೆ ಗೊತ್ತೆಂದು ನಂಬಿ, ಅದನ್ನು ಹೇಳಿಸಲು ಹಿಂಸಿಸುತ್ತಾನೆ. ನಂತರ ಆಟವು ಪಾತ್ರವನ್ನು ಬದಲಿಸುತ್ತದೆ. ಹಿಂಸೆಗೊಳಗಾದ ಆ ಅಪರಿಚಿತನೇ ಮುಂದಿನ ನಾಯಕ. ಅವನ ಮುಖ ವಿರೂಪವಾಗಿದೆ, ಅವನು ಮಾತನಾಡುವುದಿಲ್ಲ, ಅವನಿಗೆ ಹೆಸರೂ ಇಲ್ಲ. ತಾನೇ ಹಿಂಸಿಸಿದ ದೇಹದೊಳಗೆ ಆಟಗಾರನು ಉಳಿದ ಕಥೆಯನ್ನೆಲ್ಲ ಬದುಕಬೇಕಾಗುತ್ತದೆ.

ಆಟದ ವಿಧಾನ

ಆಟವು ಹಗಲು ಮತ್ತು ರಾತ್ರಿ ಎಂಬ ಎರಡು ಭಾಗಗಳಾಗಿ ಸಾಗುತ್ತದೆ. ಹಗಲಿನಲ್ಲಿ ಕಾಡು, ಪಾಳುಮನೆ, ಹಳ್ಳಿಗಳನ್ನು ಸುತ್ತಿ ಹಲಗೆ, ಮೊಳೆ, ಪೆಟ್ರೋಲ್, ಚಿಂದಿ ಬಟ್ಟೆ ಮುಂತಾದವುಗಳನ್ನು ಸಂಗ್ರಹಿಸಬೇಕು. ಕತ್ತಲಾಗುವ ಮೊದಲು ಅಡಗುದಾಣಕ್ಕೆ ಹಿಂದಿರುಗಬೇಕು. ರಾತ್ರಿ ಕಾಡಿನಲ್ಲಿ ಉಳಿದವರು ಬದುಕುವುದು ಬಹುತೇಕ ಅಸಾಧ್ಯ. ಅಡಗುದಾಣವೆಂದರೆ ಕೆಲವು ಕೋಣೆಗಳ ಒಂದು ಹಳೆಯ ಮನೆ. ಅದರ ಕಿಟಕಿಗಳಿಗೆ ಹಲಗೆ ಹೊಡೆಯುವುದು, ಬಾಗಿಲಿಗೆ ಅಡ್ಡಲಾಗಿ ಕಪಾಟನ್ನು ಎಳೆದು ನಿಲ್ಲಿಸುವುದು, ಕಾಲಿಗೆ ಕಚ್ಚಿಕೊಳ್ಳುವ ಕಬ್ಬಿಣದ ಬಲೆಗಳನ್ನು ನೆಲದಲ್ಲಿ ಹರಡುವುದು, ದೀಪಗಳು ಉರಿಯುವಂತೆ ಜನರೇಟರಿಗೆ ಪೆಟ್ರೋಲ್ ತುಂಬಿಸುವುದು ಸಂಜೆಯ ಕೆಲಸಗಳು.

ಬೆಳಗಿನವರೆಗೆ ಬದುಕಿದರೆ ವ್ಯಾಪಾರಿಯೊಬ್ಬನು ಬಂದು ಕಾಯುತ್ತಿರುತ್ತಾನೆ. ಅವನ ಬಳಿ ಹಣ ನಡೆಯುವುದಿಲ್ಲ. ವಸ್ತುಗಳ ವಿನಿಮಯ ಮತ್ತು ಅವನ ದೃಷ್ಟಿಯಲ್ಲಿ ಆಟಗಾರ ಗಳಿಸಿದ ಮನ್ನಣೆ ಇವೇ ನಾಣ್ಯ. ರಾತ್ರಿಯನ್ನು ದಾಟಿದರೆ ಈ ಮನ್ನಣೆ ಹೆಚ್ಚುತ್ತದೆ. ರಾತ್ರಿ ಸತ್ತರೆ ಸಾಮಾನ್ಯ ಹಂತದಲ್ಲಿ ಮರುದಿನ ಎಚ್ಚರವಾಗುತ್ತದೆ, ಆದರೆ ಆ ಲಾಭ ಸಿಗುವುದಿಲ್ಲ. ಅತ್ಯಂತ ಕಠಿಣ ಹಂತದಲ್ಲಿ ಇರುವುದು ಒಂದೇ ಜೀವ.

ಶಕ್ತಿಗಳನ್ನು ಪಡೆಯುವ ಬಗೆಯೂ ಅಹಿತಕರವಾದುದೇ. ಕಾಡಿನ ಅಣಬೆ ಮುಂತಾದವುಗಳನ್ನು ಅಡಗುದಾಣದ ಒಲೆಯ ಮೇಲೆ ಕುದಿಸಿ, ಆ ರಸವನ್ನು ಸಿರಿಂಜ್ ಮೂಲಕ ನಾಯಕನ ದೇಹಕ್ಕೆ ಚುಚ್ಚಬೇಕು. ಹೀಗೆ ಕೆಲವು ಸಾಮರ್ಥ್ಯಗಳು ದೊರೆಯುತ್ತವೆ. ಜೊತೆಗೆ ಕೆಲವು ದೌರ್ಬಲ್ಯಗಳನ್ನೂ ಆಟಗಾರನೇ ಆರಿಸಿಕೊಳ್ಳಬೇಕಾಗುತ್ತದೆ. ಕಾಡಿನಿಂದಲೇ ಬಂದ ರಸ ನಾಯಕನಿಗೆ ಬಲವಾಗುವ ಈ ಏರ್ಪಾಡಿನಲ್ಲಿ, ಬದುಕಲು ಮಾಡುವ ಪ್ರತಿ ಯತ್ನವೂ ಅವನನ್ನು ಕಾಡಿಗೆ ಇನ್ನಷ್ಟು ಹತ್ತಿರ ಒಯ್ಯುತ್ತದೆ.

ಆಟದಲ್ಲಿ ಮಾರ್ಗಸೂಚಿ ಬಾಣಗಳಿಲ್ಲ. ನಕ್ಷೆಯೊಂದು ಇದೆಯಾದರೂ ಕಾಡಿನ ನಡುವೆ ಆಟಗಾರ ಎಲ್ಲಿ ನಿಂತಿದ್ದಾನೆಂದು ಅದು ಹೇಳುವುದಿಲ್ಲ. ಗುರುತಿನ ಸ್ಥಳಗಳನ್ನು ನೋಡಿ ತಾನೇ ಊಹಿಸಿಕೊಳ್ಳಬೇಕು. ಹೊಸದಾಗಿ ಆರಂಭಿಸಿದಾಗಲೆಲ್ಲ ಸ್ಥಳಗಳ ಜೋಡಣೆ ಬದಲಾಗುವುದರಿಂದ ಹಿಂದಿನ ನೆನಪು ಪೂರ್ತಿ ನೆರವಿಗೆ ಬರುವುದಿಲ್ಲ. ಸೂರ್ಯ ಇಳಿಯುತ್ತಿರುವಾಗ ಮನೆಯ ದಿಕ್ಕು ತಪ್ಪಿದೆಯೆಂದು ಅರಿವಾಗುವ ಗಳಿಗೆಯಲ್ಲಿ ಯಾವ ದೆವ್ವವೂ ಪರದೆಯ ಮೇಲೆ ಇರುವುದಿಲ್ಲ; ಆದರೂ ಆಟದ ಅತ್ಯಂತ ಆತಂಕದ ಗಳಿಗೆಗಳಲ್ಲಿ ಅದೂ ಒಂದು.

ಭಯದ ಸ್ವರೂಪ

ಮೇಲಿನಿಂದ ನೋಡುವ ಆಟಗಳಲ್ಲಿ ಆಟಗಾರನಿಗೆ ಪಾತ್ರಕ್ಕಿಂತ ಹೆಚ್ಚು ತಿಳಿದಿರುತ್ತದೆ. ಗೋಡೆಯ ಆಚೆ ಯಾರಿದ್ದಾರೆ, ಬೆನ್ನ ಹಿಂದೆ ಏನು ಬರುತ್ತಿದೆ ಎಂಬುದು ಅವನಿಗೆ ಕಾಣುತ್ತದೆ. ಡಾರ್ಕ್‌ವುಡ್ ಈ ಸೌಲಭ್ಯವನ್ನು ಕಿತ್ತುಕೊಳ್ಳುತ್ತದೆ. ನಾಯಕನು ಮುಖ ಮಾಡಿದ ದಿಕ್ಕಿನಲ್ಲಿ ಬೀಸಣಿಗೆಯಾಕಾರದ ಒಂದು ಪ್ರದೇಶ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಉಳಿದೆಡೆ ನೆಲ, ಗೋಡೆ, ಮರಗಳ ಮಂಕಾದ ರೂಪ ಇರುತ್ತದೆಯೇ ಹೊರತು ಅಲ್ಲಿ ಚಲಿಸುವ ಜೀವಿಗಳು ಕಾಣುವುದಿಲ್ಲ. ಪರದೆಯ ಮಧ್ಯದಲ್ಲಿ ನಾಯಕನಿದ್ದಾನೆ, ಅವನ ಬೆನ್ನ ಹಿಂದಿನ ನೆಲವೂ ಕಣ್ಣೆದುರಿಗೇ ಇದೆ, ಆದರೆ ಅಲ್ಲಿ ನಿಂತಿರುವುದು ತೋರುವುದಿಲ್ಲ. ಸಂಪೂರ್ಣ ಕತ್ತಲಿಗಿಂತ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ಖಾಲಿಯಾಗಿ ಕಾಣುವ ಜಾಗವನ್ನು ನಂಬಲಾಗುವುದಿಲ್ಲ.

ಈ ನಿಯಮದ ಪೂರ್ಣ ಪರಿಣಾಮ ರಾತ್ರಿಯ ಹೊತ್ತು ಅನುಭವಕ್ಕೆ ಬರುತ್ತದೆ. ಕೋಣೆಯ ಮೂಲೆಯಲ್ಲಿ ಬಾಗಿಲ ಕಡೆ ನೋಡುತ್ತ ನಿಂತರೆ ಕಿಟಕಿ ದೃಷ್ಟಿಯಿಂದ ಹೊರಗಾಗುತ್ತದೆ. ಕಿಟಕಿಯ ಕಡೆ ತಿರುಗಿದರೆ ಬಾಗಿಲು ಹೊರಗಾಗುತ್ತದೆ. ಪಕ್ಕದ ಕೋಣೆಯಲ್ಲಿ ಮರದ ನೆಲ ಕಿರುಗುಟ್ಟುತ್ತದೆ. ಬಾಗಿಲಿಗೆ ಒತ್ತಿ ನಿಲ್ಲಿಸಿದ ಕಪಾಟು ನೆಲವನ್ನು ಉಜ್ಜುತ್ತ ಸರಿಯುವ ಸದ್ದು ಕೇಳುತ್ತದೆ. ಯಾರೋ ಬಾಗಿಲು ತಟ್ಟುತ್ತಾರೆ. ದೀಪ ಮಿನುಗಿ ಆರುತ್ತದೆ. ಎದ್ದು ಹೋಗಿ ನೋಡಬೇಕೇ, ಇದ್ದಲ್ಲಿಯೇ ಇರಬೇಕೇ ಎಂಬ ಪ್ರಶ್ನೆಗೆ ಆಟವು ಒಂದೇ ಸರಿಯುತ್ತರವನ್ನು ಇಟ್ಟಿಲ್ಲ. ಕೆಲವು ರಾತ್ರಿಗಳಲ್ಲಿ ಸದ್ದುಗಳ ಹೊರತು ಏನೂ ನಡೆಯುವುದಿಲ್ಲ. ಆ ರಾತ್ರಿಗಳು ಕಾದಾಟದ ರಾತ್ರಿಗಳಿಗಿಂತ ಹಗುರವಾಗಿರುತ್ತವೆ ಎನ್ನಲಾಗದು. ಅಪಾಯ ಬಾರದೆ ಹೋದಾಗ ಕಾಯುವಿಕೆಯೂ ಮುಗಿಯುವುದಿಲ್ಲ.

ಹೀಗಾಗಿ ಆಟದ ಭಾರವೆಲ್ಲ ಶಬ್ದದ ಮೇಲೆ ಬೀಳುತ್ತದೆ. ಸಂಗೀತ ಸಂಯೋಜಕ ಆರ್ತುರ್ ಕೊರ್ದಾಸ್ ಅವರ ರಚನೆಗಳಲ್ಲಿ ರಾಗಕ್ಕಿಂತ ಮಂದ್ರ ಗುಂಯ್‌ಗುಡುವಿಕೆಯೇ ಹೆಚ್ಚು. ಯಾವುದು ಸಂಗೀತ, ಯಾವುದು ಮನೆಯೊಳಗಿನ ಸದ್ದು ಎಂದು ಕೆಲವೊಮ್ಮೆ ಬೇರ್ಪಡಿಸಲಾಗುವುದಿಲ್ಲ. ಹೆಡ್‌ಫೋನ್ ಧರಿಸಿ ಆಡಿದವರಿಗೆ ಸದ್ದಿನ ದಿಕ್ಕು ತಿಳಿಯುತ್ತದೆ, ದೂರ ಅಂದಾಜಿಗೆ ಬರುತ್ತದೆ. ಸದ್ದು ಮಾಡಿದ್ದು ಯಾವುದು ಎಂಬುದು ಮಾತ್ರ ತಿರುಗಿ ನೋಡುವವರೆಗೆ ತಿಳಿಯುವುದಿಲ್ಲ.

ಇನ್ನೊಂದು ಕಾರಣ ಹೊಣೆಗಾರಿಕೆ. ಅಡಗುದಾಣದ ಯಾವ ಕಿಟಕಿಗೆ ಹಲಗೆ ಹೊಡೆಯಲಾಗಿದೆ, ಯಾವುದಕ್ಕೆ ಮೊಳೆ ಸಾಲದೆ ಬಿಡಲಾಗಿದೆ ಎಂಬುದು ಆಟಗಾರನಿಗೆ ಚೆನ್ನಾಗಿ ಗೊತ್ತು. ಹಗಲಿನಲ್ಲಿ ಪೆಟ್ರೋಲ್ ಉಳಿಸಲು ಮಾಡಿದ ಜಿಪುಣತನ ರಾತ್ರಿ ದೀಪ ಆರಿದಾಗ ನೆನಪಾಗುತ್ತದೆ. ಸಿನಿಮಾದಲ್ಲಿ ಪಾತ್ರದ ತಪ್ಪಿಗೆ ಪ್ರೇಕ್ಷಕ ಹೊಣೆಯಲ್ಲ. ಇಲ್ಲಿ ಒಳನುಗ್ಗುವುದಕ್ಕೆ ದಾರಿ ಬಿಟ್ಟವನು ಆಟಗಾರನೇ.

ಕಾದಾಟ ನಿಧಾನವಾದುದು. ಹಲಗೆಯನ್ನಾಗಲಿ ಸಲಿಕೆಯನ್ನಾಗಲಿ ಬೀಸಲು ಮೊದಲು ಹಿಂದಕ್ಕೆಳೆದು ಸಿದ್ಧಗೊಳಿಸಬೇಕು, ಬೀಸಿದ ಮೇಲೆ ದಣಿವಾಗುತ್ತದೆ, ಆಯುಧಗಳು ಸವೆದು ಮುರಿಯುತ್ತವೆ. ಕಾಡುನಾಯಿಯೊಂದೇ ಎದುರಾದರೂ ಅದು ಗಂಭೀರ ಘಟನೆ. ಈ ನಿಧಾನಗತಿಯನ್ನು ಕೆಲವರು ದೋಷವೆಂದು ಎಣಿಸಿದ್ದಾರೆ. ಆದರೆ ನಾಯಕನು ಸಲೀಸಾಗಿ ಹೊಡೆದಾಡುವಂತಿದ್ದರೆ ಹಲಗೆ, ಮೊಳೆ, ದೀಪಗಳ ಲೆಕ್ಕಾಚಾರಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ.

ಪಾತ್ರಗಳು ಮತ್ತು ಆಯ್ಕೆಗಳು

ಕಾಡಿನಲ್ಲಿ ಭೇಟಿಯಾಗುವವರು ಕೇವಲ ಶತ್ರುಗಳಲ್ಲ. ಬಂದೂಕು ಹಿಡಿದ ತೋಳದ ತಲೆಯ ಮನುಷ್ಯ, ಪಿಟೀಲು ಬಾರಿಸುವ ವಿರೂಪ ಮುಖದ ಹುಡುಗ, ಕೋಳಿಗಳ ನಡುವೆ ಬದುಕುವ ಹೆಂಗಸು, ರಾಕೆಟ್ ಕಟ್ಟಿ ಕಾಡಿನಿಂದ ಹಾರಿಹೋಗುವ ಕನಸಿನ ಪಿಯೋತ್ರೆಕ್ ಇವರೆಲ್ಲರಿಗೂ ತಮ್ಮದೇ ಬಯಕೆಗಳಿವೆ. ಒಬ್ಬನಿಗೆ ನೆರವಾದರೆ ಇನ್ನೊಬ್ಬನ ದಾರಿ ಮುಚ್ಚುತ್ತದೆ. ಮೊದಲ ಅಧ್ಯಾಯದಲ್ಲಿ ತೋಳಮನುಷ್ಯ ಮತ್ತು ಪಿಟೀಲಿನ ಹುಡುಗ ಇವರಲ್ಲಿ ಯಾರ ಮಾತಿಗೆ ಕಿವಿಗೊಡಬೇಕೆಂಬ ಆಯ್ಕೆ ಇಡೀ ಪ್ರದೇಶದ ಗತಿಯನ್ನು ಬದಲಿಸುತ್ತದೆ. ಒಳ್ಳೆಯದು ಕೆಟ್ಟದ್ದು ಎಂಬ ಅಂಕಗಳನ್ನು ಆಟ ನೀಡುವುದಿಲ್ಲ. ಕರುಣೆಯಿಂದ ಮಾಡಿದ ಕೆಲಸದಿಂದಲೂ ಕೇಡಾಗಬಹುದು. ಯಾರ ಪಾಲಿಗೆ ಏನಾಯಿತು ಎಂಬುದನ್ನು ಕೊನೆಯಲ್ಲಿ ಒಬ್ಬೊಬ್ಬರಂತೆ ತಿಳಿಸಲಾಗುತ್ತದೆ.

ಅಂತ್ಯಭಾಗದಲ್ಲಿ ನಾಯಕನು ಕಾಡಿನಿಂದ ಪಾರಾಗಿ ತನ್ನ ವಸತಿಗೆ ಮರಳಿದಂತೆ ತೋರುತ್ತದೆ. ಆ ನೆಮ್ಮದಿಯನ್ನು ಒಪ್ಪಿಕೊಂಡರೆ ಆಟ ಅಲ್ಲಿಗೇ ಮುಗಿಯಬಹುದು. ಸುತ್ತಲಿನ ಸಣ್ಣ ಅಸಂಗತಿಗಳನ್ನು ಗಮನಿಸಿ ಹುಡುಕುತ್ತ ಹೋದವರಿಗೆ ಮಾತ್ರ ಕಾಡಿನ ಮೂಲದಲ್ಲಿರುವ ಜೀವಿಯೂ ಅದರ ಸುತ್ತ ನಿದ್ರಿಸುತ್ತಿರುವ ಜನರೂ ಎದುರಾಗುತ್ತಾರೆ. ಅದನ್ನು ಸುಡುವುದು ಅಥವಾ ಮತ್ತೆ ನಿದ್ರೆಗೆ ಜಾರುವುದು ಎಂಬ ಆಯ್ಕೆ ಆಗ ಉಳಿಯುತ್ತದೆ.

ನಿರ್ಮಾಣ

ತಂಡವು 2013ರಲ್ಲಿ ಇಂಡಿಗೋಗೊ ತಾಣದ ಮೂಲಕ ಸಾರ್ವಜನಿಕರಿಂದ ಹಣ ಸಂಗ್ರಹಿಸಿತು. ನಿಗದಿಪಡಿಸಿದ ಗುರಿಗಿಂತ ಹೆಚ್ಚು ಮೊತ್ತ ಕೂಡಿಬಂತು. ಯೂನಿಟಿ ತಂತ್ರಾಂಶವನ್ನು ಬಳಸಿ ಆಟವನ್ನು ರೂಪಿಸಲಾಗಿದೆ. ಅಪೂರ್ಣ ಆವೃತ್ತಿ ಮಾರಾಟಕ್ಕೆ ಬಂದ ಮೇಲೆ ಅದನ್ನು ಪೂರ್ಣಗೊಳಿಸಲು ಮೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆಟದ ಯಂತ್ರಗಳಿಗೆ ಅಳವಡಿಸಿದ ಆವೃತ್ತಿಗಳನ್ನು ಪೋಲೆಂಡಿನದೇ ಆದ ಕ್ರಂಚಿಂಗ್ ಕೊಆಲಾಸ್ ಸಂಸ್ಥೆಯು ಹೊರತಂದಿತು.

ಉಚಿತ ವಿತರಣೆ

ಪೂರ್ಣ ಆವೃತ್ತಿ ಹೊರಬಂದ ಕೆಲವೇ ದಿನಗಳಲ್ಲಿ ನಿರ್ಮಾಪಕರು ತಮ್ಮ ಆಟದ ಸಂಪೂರ್ಣ ಪ್ರತಿಯನ್ನು ಕದ್ದ ಪ್ರತಿಗಳ ವಿನಿಮಯಕ್ಕೆ ಹೆಸರಾದ ಪೈರೇಟ್ ಬೇ ತಾಣದಲ್ಲಿ ತಾವೇ ಇರಿಸಿದರು. ಇದಕ್ಕೆ ಎರಡು ಕಾರಣಗಳನ್ನು ಅವರು ನೀಡಿದ್ದರು. ಒಬ್ಬ ಆಟಗಾರನು ತಿಂಗಳ ಕೊನೆಯಲ್ಲಿ ಬಿಲ್ಲು ನೋಡಿ ತಂದೆತಾಯಿ ಚಿಂತೆಗೀಡಾಗದಿರಲೆಂದು ಹಣ ಹಿಂದಿರುಗಿಸುವಂತೆ ಕೇಳಿಕೊಂಡಿದ್ದನು. ಇನ್ನೊಂದೆಡೆ, ವಿಮರ್ಶಕರೆಂದೂ ವಿಡಿಯೊ ತಯಾರಕರೆಂದೂ ಹೇಳಿಕೊಂಡು ಉಚಿತ ಪ್ರತಿಯ ಸಂಕೇತಗಳನ್ನು ಕೇಳಿ ಪಡೆದು ಅವುಗಳನ್ನು ಮರುಮಾರಾಟ ಮಾಡುವವರ ಕಾಟವಿತ್ತು. ಕೊಳ್ಳಲು ಹಣವಿಲ್ಲದವರು ಈ ಪ್ರತಿಯನ್ನು ಆಡಲಿ, ಇಷ್ಟವಾದರೆ ಮುಂದೆಂದಾದರೂ ಕೊಳ್ಳಲಿ, ಆದರೆ ಮರುಮಾರಾಟಗಾರರಿಗೆ ಹಣ ಕೊಡುವುದು ಬೇಡ ಎಂಬುದು ಅವರ ಕೋರಿಕೆಯಾಗಿತ್ತು. ಹಲವು ವರ್ಷಗಳ ದುಡಿಮೆಯ ಫಲ ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ, ಬೇರೆ ಆಟದ ಆದಾಯವಿಲ್ಲದ ತಂಡವೊಂದು ಕೈಗೊಂಡ ಈ ತೀರ್ಮಾನವು ಪತ್ರಿಕೆಗಳಲ್ಲಿ ವರದಿಯಾಯಿತು. ಆಟದ ಹೆಸರನ್ನೇ ಕೇಳದಿದ್ದ ಅನೇಕರಿಗೆ ಅದು ಪರಿಚಯವಾದದ್ದು ಈ ಸುದ್ದಿಯ ಮೂಲಕ.

ವಿಮರ್ಶೆ

ವಿಮರ್ಶಕರು ವಾತಾವರಣ, ಶಬ್ದ ಸಂಯೋಜನೆ ಹಾಗೂ ಬರವಣಿಗೆಯನ್ನು ಮೆಚ್ಚಿದರು. ಕಾದಾಟದ ತೊಡಕು, ಸಾಮಗ್ರಿಗಳ ನಿರ್ವಹಣೆಯ ಬೇಸರ, ಹೊಸಬರಿಗೆ ಏನನ್ನೂ ವಿವರಿಸದ ಆರಂಭ ಇವುಗಳ ಬಗ್ಗೆ ಆಕ್ಷೇಪಗಳು ಕೇಳಿಬಂದವು. ಕೊನೆಯ ಆಕ್ಷೇಪದಲ್ಲಿ ಹುರುಳಿದೆ. ಮೊದಲ ಕೆಲವು ಗಂಟೆಗಳಲ್ಲಿ ಸಾವು ಬರುವುದು ಭಯದಿಂದಲ್ಲ, ನಿಯಮಗಳು ತಿಳಿಯದ ಗೊಂದಲದಿಂದ.

ಹೋಲುವ ಆಟಗಳು

ಕಾಣಿಸುವುದನ್ನು ಕಡಿಮೆ ಮಾಡಿ ಭಯ ಹೆಚ್ಚಿಸುವ ಕ್ರಮವನ್ನು ಸಣ್ಣ ತಂಡಗಳ ಬೇರೆ ಆಟಗಳಲ್ಲಿಯೂ ಕಾಣಬಹುದು. ಕಿಟ್ಟಿ ಹಾರರ್‌ಶೋ ಎಂಬ ಹೆಸರಿನಲ್ಲಿ ಕೃತಿಗಳನ್ನು ಪ್ರಕಟಿಸುವ ನಿರ್ಮಾಪಕಿಯ ಅನಾಟಮಿ (2016) ಆಟದಲ್ಲಿ ಶತ್ರುಗಳೇ ಇಲ್ಲ. ಕತ್ತಲು ತುಂಬಿದ ಮನೆಯೊಂದರಲ್ಲಿ ಕ್ಯಾಸೆಟ್‌ಗಳನ್ನು ಹುಡುಕಿ ಕೇಳುವುದಷ್ಟೇ ಕೆಲಸ. ಮನೆಯ ಭಾಗಗಳನ್ನು ಮನುಷ್ಯದೇಹದ ಅಂಗಗಳಿಗೆ ಹೋಲಿಸುವ ಧ್ವನಿ ಅವುಗಳಲ್ಲಿದೆ. ಆಟವು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆದಾಗ ಮನೆ ಮೊದಲಿನಂತೆ ಇರುವುದಿಲ್ಲ. ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ ತಂಡದ ಡಿಟೆನ್ಷನ್ (2017) ಆಟವು ಆ ದೇಶದ 1960ರ ದಶಕದ ಸೈನಿಕ ಆಡಳಿತದ ದಮನವನ್ನು ಹಿನ್ನೆಲೆಯಾಗಿಸಿಕೊಂಡಿದೆ. ಅಲ್ಲಿ ಪ್ರೇತಗಳೊಡನೆ ಹೋರಾಡುವ ಅವಕಾಶವಿಲ್ಲ. ಉಸಿರು ಬಿಗಿಹಿಡಿದು ಅವುಗಳ ಪಕ್ಕದಲ್ಲಿ ಹಾದುಹೋಗಬೇಕು. ಡೇವಿಡ್ ಶಿಮಾನ್ಸ್ಕಿ ಅವರ ಐರನ್ ಲಂಗ್ (2022) ಆಟಗಾರನನ್ನು ರಕ್ತದ ಕಡಲಿನಲ್ಲಿ ಮುಳುಗಿದ, ಗವಾಕ್ಷಿ ಮುಚ್ಚಿದ ಒಂದು ಪುಟ್ಟ ಜಲಾಂತರ್ಗಾಮಿಯಲ್ಲಿ ಕೂರಿಸುತ್ತದೆ. ಹೊರಗೆ ಏನಿದೆಯೆಂದು ತಿಳಿಯಲು ಇರುವ ಸಾಧನ ಒಂದು ಕ್ಯಾಮೆರಾ. ಗುಂಡಿ ಒತ್ತಿದಾಗ ಮಸುಕಾದ ಒಂದು ಸ್ಥಿರಚಿತ್ರ ಮೂಡುತ್ತದೆ, ಮುಂದಿನ ಚಿತ್ರ ತೆಗೆಯುವವರೆಗೆ ಹೊರಗಿನದೇನೂ ಕಾಣದು.